ಸಿಂಕ್ ಸೌಂಡೋ, ಡಬ್ಬಿಂಗೋ?

ಕಿರುಚಿತ್ರಕ್ಕೆ ಕೈಹಾಕಿದವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಸಿಂಕ್ ಸೌಂಡ್ ಎಂದರೆ ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯುವುದು. ಹಾಗೆ ಹಿಡಿದರೆ ಮಾತಿನ ನಡುವಿನ ಏದುಸಿರು, ಗಂಟಲು ಕಟ್ಟಿದ ಆ ಅರೆಕ್ಷಣ, ಕಟ್ಟೆಯ ಮೇಲೆ ಲೋಟ ಕುಕ್ಕಿದ ಸದ್ದು ಎಲ್ಲವೂ ಒಟ್ಟಿಗೇ ಸಿಗುತ್ತವೆ. 2001ರ ‘ಲಗಾನ್’ ಅಷ್ಟು ದೊಡ್ಡ ಜನಜಂಗುಳಿಯನ್ನಿಟ್ಟುಕೊಂಡೂ ಈ ದಾರಿಯನ್ನೇ ಹಿಡಿಯಿತು. ಆದರೆ ಪಕ್ಕದ ಬೀದಿಯ ಹಾರನ್, ಬೊಗಳುವ ನಾಯಿ ಕೂಡ ಕರೆಯದೆಯೇ ಬರುತ್ತವೆ.

ಡಬ್ಬಿಂಗ್‌ನಲ್ಲಿ ಅಂದರೆ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಮುದ್ರಿಸುವಾಗ ಆ ತಲೆನೋವಿಲ್ಲ, ಸಂಭಾಷಣೆಯನ್ನೂ ತಿದ್ದಬಹುದು. ಆದರೆ ತಿಂಗಳ ಹಿಂದೆ ಅತ್ತಿದ್ದನ್ನು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಮತ್ತೆ ಅಳುವುದು ಸುಲಭವೇ? ಹೆಜ್ಜೆ, ಬಾಗಿಲು, ಬಳೆಯ ಸದ್ದುಗಳನ್ನು ಬೇರೆಯಾಗಿ ಸೇರಿಸದಿದ್ದರೆ ದೃಶ್ಯ ಪೊಳ್ಳೆನಿಸುತ್ತದೆ.

ಮನೆಯೊಳಗಿನ ಪಿಸುಮಾತಿನ ಕಥೆಗೆ ನಾನು ಸಿಂಕ್ ಸೌಂಡನ್ನೇ ಆರಿಸುತ್ತೇನೆ. ಮಾರುಕಟ್ಟೆಯ ಹೊಡೆದಾಟಕ್ಕೆ ಡಬ್ಬಿಂಗ್. ಯಾವುದಾದರೂ ಸರಿ, ಚಿತ್ರೀಕರಣ ಮುಗಿಸಿ ಹೊರಡುವ ಮುನ್ನ ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಮೌನವನ್ನೂ ಮುದ್ರಿಸಿಕೊಳ್ಳಿ; ಸಂಕಲನದಲ್ಲಿ ಮಾತಿನ ನಡುವಿನ ಖಾಲಿ ತುಂಬಲು ಅದು ಬೇಕಾಗುತ್ತದೆ.