ಮುಧೋಳ ಮರಿ ಅಂತ ಮೊಬೈಲಲ್ಲೇ ದುಡ್ಡು ಹಾಕೋರು ಇದನ್ನ ಓದಿ

ಮುಧೋಳ ನಾಯಿಮರಿ ತಗೋಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಬರಿಯೋಕೂ ನಾಚಿಕೆ ಆಗ್ತಿದೆ, ಮನೆಯವರ ಮುಂದೆ ತಲೆ ಎತ್ತೋಕಾಗ್ತಿಲ್ಲ, ಆದ್ರೂ ಬರೀತಿದೀನಿ ಯಾಕಂದ್ರೆ ನನಗೆ ಮೋಸ ಮಾಡಿದ ಆ ಮನುಷ್ಯ ಇವತ್ತಿಗೂ ಮರಿ ಮಾರ್ತಾನೇ ಇದಾನೆ.

ವ್ಯವಹಾರ ಎಲ್ಲರದ್ದೂ ಆಗೋ ಹಾಗೇ ಆಗಿದ್ದು. ವಾಟ್ಸಾಪಲ್ಲಿ ಫೋಟೋ, ತಾಯಿ ತಂದೆ ಅಂತ ಎರಡು ನಾಯಿ ಓಡೋ ವಿಡಿಯೋ, ಎರಡು ತಿಂಗಳ ಹೆಣ್ಣುಮರಿ, ವ್ಯಾಕ್ಸಿನ್ ಎರಡು ಡೋಸ್ ಆಗಿದೆ, 14 ಸಾವಿರ. ಅರ್ಧ ಅಡ್ವಾನ್ಸ್, ಉಳಿದಿದ್ದು ಬಸ್ಸಿಗೆ ಹಾಕಿದ್ಮೇಲೆ. ನಾನೇ ಬಂದು ನೋಡ್ತೀನಿ ಅಂದ್ರೆ "ಸುಮ್ನ ಯಾಕ ಅಷ್ಟು ದೂರ ಬರ್ತೀರಿ ಸರ, ನಮ್ಮಜ್ಜ ರಾಜರ ಕಾಲದಾಗಿಂದ ಸಾಕಿದ್ದು" ಅಂದ. ಮುಧೋಳದ ಘೋರ್ಪಡೆ ರಾಜರು ಈ ತಳಿ ಉಳಿಸಿ ಬೆಳೆಸಿದ್ದು ನಿಜ, ಆ ಹೆಸರು ಹೇಳ್ಕೊಂಡು ಇವನು ವ್ಯಾಪಾರ ಮಾಡ್ತಿದಾನೆ.

ರಟ್ಟಿನ ಡಬ್ಬ ಬಿಚ್ಚಿ ನೋಡಿದ್ರೆ ಮರಿ ಪಕ್ಕೆಲುಬೆಲ್ಲ ಎದ್ದು ಕಾಣ್ತಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ಫೋನ್ ಮಾಡ್ದೆ. "ಮುಧೋಳ ಅಂದ್ರ ಸಣಕಲಾ ಇರ್ತಾವ್ರಿ ಸರ, ನಿಮಗ ಗೊತ್ತಿಲ್ಲೇನು" ಅಂದ. ಬೆಳೆದ ನಾಯಿ ಹಾಗಿರುತ್ತೆ ಸ್ವಾಮಿ, ಮರಿ ಹಾಗಿರಲ್ಲ! ಚೆನ್ನಾಗಿ ಹಾಲು ಕುಡಿದ ಮರಿ ಯಾವ ತಳಿ ಆದ್ರೂ ದುಂಡಗೇ ಇರುತ್ತೆ. ಇದನ್ನ ಆಮೇಲೆ ಡಾಕ್ಟ್ರು ಹೇಳಿದ್ದು.

ಡಾಕ್ಟ್ರು ಬಾಯಿ ತೆಗೆದು ಹಲ್ಲು ನೋಡಿದ್ರು, ನನ್ನ ಮುಖ ನೋಡಿದ್ರು. "ಎರಡು ತಿಂಗಳು ಅಂದ್ರಾ? ಹಿಂದಿನ ಹಲ್ಲೇ ಪೂರ್ತಿ ಬಂದಿಲ್ಲ, ಐದು ವಾರ ಇದ್ರೆ ಹೆಚ್ಚು." ಆಮೇಲೆ ವ್ಯಾಕ್ಸಿನ್ ಕಾರ್ಡ್ ಕೇಳಿದ್ರು. ಬಾಟಲಿ ಮೇಲಿನ ಸ್ಟಿಕ್ಕರ್ ಒಂದೂ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಬರೀ ಪೆನ್ನಲ್ಲಿ ಬರೆದ ತಾರೀಖು, ಓದೋಕಾಗದ ಒಂದು ಸೀಲು. ಅದರಲ್ಲಿರೋ ಮೊದಲ ಡೋಸ್ ತಾರೀಖಿಗೆ ಆ ಮರಿ ಕಣ್ಣೇ ಬಿಟ್ಟಿರಲಿಲ್ಲ! ಅಲ್ಲಿ ನಿಂತ್ಕೊಂಡಿದ್ದಾಗ ಕಿವಿ ಎಲ್ಲ ಬಿಸಿ ಆಯ್ತು, ಪಕ್ಕದಲ್ಲಿ ಮಗಳಿದ್ಲು. ಎಂಟು ವಾರ ಆಗದ ಮರಿ ಮಾರೋ ಹಾಗೇ ಇಲ್ಲ, ನಾಯಿ ಸಾಕಿ ಮಾರೋರಿಗೆ ಕೇಂದ್ರ ಸರ್ಕಾರ ಮಾಡಿರೋ 2017ರ ನಿಯಮದಲ್ಲೇ ಇದೆ.

ಮರುದಿನದಿಂದ ವಾಂತಿ, ರಕ್ತಭೇದಿ. ಪಾರ್ವೋ ಅಂತ, ಮರಿಗಳ ಕರುಳಿಗೆ ಬರೋ ವೈರಸ್ ಕಾಯಿಲೆ. ಡ್ರಿಪ್ ಹಾಕಿಸಿದ್ವಿ, ರಾತ್ರಿಯೆಲ್ಲ ಕೂತ್ವಿ, ಉಳೀಲಿಲ್ಲ.

ಅವನಿಗೆ ಮೆಸೇಜ್ ಹಾಕಿದ್ರೆ ಬಂದ ಉತ್ತರ ನೋಡಿ. ಮೊದಲು "ನಿಮ್ಮೂರ ನೀರು ಒಗ್ಗಿಲ್ರಿ". ಆಮೇಲೆ "ಆಕಳ ಹಾಲು ಕೊಟ್ಟಿರಿ ಅನಸ್ತದ". ಕಾರ್ಡ್ ಫೋಟೋ ಕಳಿಸಿದ ಮೇಲೆ "ಬಸ್ ಹತ್ತಿದ ಮ್ಯಾಲ ನಮ್ಮ ಜವಾಬ್ದಾರಿ ಇಲ್ರಿ". ಕೊನೆಗೆ "ಇನ್ನೊಂದು ಮರಿ ಐತಿ, ಅರ್ಧ ರೇಟಿಗೆ ಕೊಡ್ತೀನಿ". ಅರ್ಧ ರೇಟು! ಪಾರ್ವೋ ವೈರಸ್ಸು ಮನೆ ಅಂಗಳದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಈಗ ಇನ್ನೊಂದು ಮರಿ ತಂದ್ರೆ ಅದೂ ಹೋಗುತ್ತೆ ಅಂತ ಹೇಳಿದ್ದಕ್ಕೆ ಬ್ಲಾಕ್ ಮಾಡ್ದ.

ತಗೊಳ್ಳೋರು ಹೋಗಿ ಕಣ್ಣಾರೆ ನೋಡಿ, ತಾಯಿ ಮೊಲೆ ಹತ್ರ ಮರಿ ಇರೋದನ್ನ ನೋಡಿ. ಬರಬೇಡಿ ಅಂದವನ ಹತ್ರ ತಗೋಬೇಡಿ. ಮುಧೋಳದ ಹತ್ರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ, ಕಾಯಬೇಕಾದ್ರೆ ಕಾಯಿರಿ. ಆ ಊರಲ್ಲಿ ಪ್ರಾಣ ಕೊಟ್ಟು ನಾಯಿ ಸಾಕೋ ರೈತರಿದಾರೆ, ಇಂಥವರಿಂದ ಅವರಿಗೂ ಕೆಟ್ಟ ಹೆಸರು.

ನಾನು ಆನ್‌ಲೈನ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ. ಇದೇ ಥರ ಮೋಸ ಹೋದೋರಿದ್ರೆ ನೀವೂ ಕೊಡಿ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಡಿಲೀಟ್ ಮಾಡ್ಬೇಡಿ.