ಆ್ಯಪಾ, ಹಾಳೆಯಾ? ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ತಯಾರಿಯ ಹೋಲಿಕೆ

ಎಂಬಿಬಿಎಸ್ ಮುಗಿಸಿದವರು ಕುಟುಂಬ ವೈದ್ಯರಾಗಲು ಓದುವ ಸ್ನಾತಕೋತ್ತರ ಪದವಿ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್. ಅದರ ಥಿಯರಿ ಅಂದರೆ ನಾಲ್ಕು ಪೇಪರ್. ಒಂದೊಂದಕ್ಕೆ 100 ಅಂಕ, 10 ಪ್ರಶ್ನೆ, 3 ಗಂಟೆ. ಒಟ್ಟು 400ಕ್ಕೆ 200 ಬಂದರೆ ಪಾಸು. ಅಲ್ಲಿಗೆ ಒಂದು ಪ್ರಶ್ನೆಗೆ ಸಿಗುವುದು 18 ನಿಮಿಷ. ಹಾಸನ, ಚಿಕ್ಕಮಗಳೂರು ಕಡೆ ಡ್ಯೂಟಿ ಮಾಡುತ್ತಲೇ ಓದುವ ಕಿರಿಯ ವೈದ್ಯರನ್ನು ಇದಕ್ಕೆ ಅಣಿ ಮಾಡಲು ನಾವು ನಡೆಸಿ ನೋಡಿದ ವಿಧಾನಗಳಲ್ಲಿ ಕೆಲವು ಕೈ ಹಿಡಿದವು, ಕೆಲವು ಬರೀ ಹೊತ್ತು ತಿಂದವು.

ಮೊದಲು ಆ್ಯಪ್, ಅಂದರೆ ಫೋನಿನಲ್ಲಿ ಸರಿ ಉತ್ತರ ಆರಿಸುವ ಪ್ರಶ್ನೆಗಳು. ನೀಟ್ ಪಿಜಿ ಕಾಲದಿಂದ ಅಂಟಿಕೊಂಡು ಬಂದ ಚಟ ಇದು. ಬಸ್ಸಲ್ಲಿ ಕೂತು 40 ಪ್ರಶ್ನೆ ಮುಗಿಸಬಹುದು, ಓದಿದ ಸಮಾಧಾನವೂ ಸಿಗುತ್ತದೆ. ಬ್ರಿಟನ್ನಿನ ಕುಟುಂಬ ವೈದ್ಯರ ಪರೀಕ್ಷೆ ಎಂಆರ್‌ಸಿಜಿಪಿಯ ಥಿಯರಿ ಭಾಗವಾದ ಎಕೆಟಿಗೆ ಓದುವವರಿಗೆ ಇದೇ ಸರಿಯಾದ ದಾರಿ, ಯಾಕೆಂದರೆ ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಉತ್ತರ ಗುರುತಿಸಬೇಕು. ಡಿಎನ್‌ಬಿಯಲ್ಲಿ ಕೊಡುವುದು ಖಾಲಿ ಹಾಳೆ.

ವ್ಯತ್ಯಾಸ ಗೊತ್ತಾಗಲು ಒಂದು ಪ್ರಶ್ನೆ ಸಾಕು: 'ಕಾಫಿ ತೋಟದಲ್ಲಿ ಹಾವು ಕಚ್ಚಿ ಬಂದವರ ಆರೈಕೆ'. ಆ್ಯಪ್‌ನಲ್ಲಿ ಓದಿದವರು ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) 10 ವಯಲ್ ಎಂದು ಮೊದಲ ಸಾಲಲ್ಲೇ ಬರೆದು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಅಂಕ ಇರುವುದು ಉಳಿದದ್ದರಲ್ಲಿ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ ಹೊಸ ಗಾಜಿನ ಟ್ಯೂಬೇ ಬೇಕು. ಪ್ಲಾಸ್ಟಿಕ್ಕಿನಲ್ಲೋ ಸೋಪು ಹಾಕಿ ತೊಳೆದದ್ದರಲ್ಲೋ ಮಾಡಿದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ, ಬೇಡದ ಎಎಸ್‌ವಿ ಒಳಗೆ ಹೋಗುತ್ತದೆ. ಮಕ್ಕಳಿಗೂ ಡೋಸ್ ಅಷ್ಟೇ. ರಿಯಾಕ್ಷನ್ ಆದರೆ ಕೊಡಲು ಅಡ್ರಿನಲಿನ್ ಮೊದಲೇ ಸಿರಿಂಜಿಗೆ ಎಳೆದಿಟ್ಟಿರಬೇಕು. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ; ಮಲೆನಾಡಿನ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಈ ಕೊನೆಯ ಸಾಲು ಬರೆಯುವವರು ಹತ್ತರಲ್ಲಿ ಒಬ್ಬರೂ ಸಿಗುವುದು ಕಷ್ಟ. ದಿನಾ ತೋಟದ ಪಕ್ಕದಲ್ಲೇ ಓಡಾಡುವವರಿಗೂ ಹೊಳೆಯುವುದಿಲ್ಲ!

ಹಾಗಾಗಿ ವಾರಕ್ಕೊಮ್ಮೆ ನಾಲ್ಕು ಉತ್ತರ, 72 ನಿಮಿಷ, ಕೈಬರಹ. ಒಂದೊಂದರಲ್ಲೂ 2 ನಿಮಿಷ ಅಂಚಿನಲ್ಲಿ ಉತ್ತರದ ಚೌಕಟ್ಟು ಹಾಕಲು, 14 ಬರೆಯಲು, 2 ಓದಿ ತಿದ್ದಲು. ಪ್ರಶ್ನೆಯ ಪಕ್ಕ ಅಂಕ 3+4+3 ಎಂದಿದ್ದರೆ ಹಾಳೆಯನ್ನೂ ಅದೇ ಅಳತೆಯಲ್ಲಿ ಹಂಚಬೇಕು. ಗೊತ್ತಿರುವ ಭಾಗಕ್ಕೆ ಎರಡು ಪುಟ ಸುರಿದು, ಗೊತ್ತಿಲ್ಲದ್ದಕ್ಕೆ ಎರಡು ಸಾಲು ಬರೆಯುವುದು ಎಲ್ಲರಲ್ಲೂ ಕಾಣುವ ರೋಗ.

ಇದರ ಎದುರಾಳಿ, ತಿಂಗಳಿಗೊಂದು ಪೂರ್ತಿ 3 ಗಂಟೆಯ ಪೇಪರ್. ವಾರದ ಅಭ್ಯಾಸದಲ್ಲಿ ಕಾಣದ ಒಂದು ತಪ್ಪು ಇಲ್ಲಿ ಬಯಲಾಗುತ್ತದೆ. ಮೊದಲ ನಾಲ್ಕು ಪ್ರಶ್ನೆಗೆ 26 ನಿಮಿಷದಂತೆ ಕೊಟ್ಟರೆ 104 ನಿಮಿಷ ಖಾಲಿ. ಉಳಿದ ಆರಕ್ಕೆ ತಲಾ 13 ನಿಮಿಷವೂ ದಕ್ಕುವುದಿಲ್ಲ. ಆದರೆ ವರ್ಷದ ಆರಂಭದಲ್ಲೇ ಪೂರ್ತಿ ಪೇಪರ್ ಕೊಟ್ಟರೆ ಜನ ಬರುವುದನ್ನೇ ಬಿಡುತ್ತಾರೆ. ಕೊನೆಯ ಎರಡು ತಿಂಗಳಿಗೆ ಅದು, ಅಲ್ಲಿಯವರೆಗೆ ನಾಲ್ಕು ಉತ್ತರ.

ತಿದ್ದುವುದು ಯಾರು? ಹಿರಿಯರು ತಿದ್ದಿದರೆ ಉತ್ತರದ ಕ್ರಮ ಸುಧಾರಿಸುತ್ತದೆ, ಆದರೆ ಹಾಳೆ ಅವರ ಮೇಜಿನ ಮೇಲೆ ಹತ್ತು ದಿನ ಕೊಳೆಯುತ್ತದೆ. ಅಷ್ಟೊತ್ತಿಗೆ ಬರೆದವರಿಗೆ ತಾವೇನು ಬರೆದೆವೆಂಬುದೇ ಮರೆತಿರುತ್ತದೆ. ಅದಕ್ಕಿಂತ ಅದೇ ಸಂಜೆ ಪರಸ್ಪರ ಹಾಳೆ ಬದಲಿಸಿಕೊಂಡು, ಎದುರಿಗೆ ಒಂದು ಪುಟದ ಅಂಕಸೂಚಿ ಇಟ್ಟುಕೊಂಡು ತಿದ್ದುವುದೇ ವಾಸಿ. ಹಿರಿಯರ ಕೈಗೆ ತಿಂಗಳಿಗೆ ಒಂದೇ ಒಂದು ಉತ್ತರ ಕೊಡಿ, ಅದನ್ನು ಅವರು ಖುಷಿಯಿಂದಲೇ ನೋಡಿಕೊಡುತ್ತಾರೆ.

ಪ್ರಾಕ್ಟಿಕಲ್ ಓಎಸ್‌ಸಿಇಗೆ (ಗಡಿಯಾರ ಇಟ್ಟು ಒಂದೊಂದು ಮೇಜಿನಲ್ಲಿ ಒಂದೊಂದು ಕೆಲಸ ಮಾಡಿಸಿ ನೋಡುವ ಪರೀಕ್ಷೆ) ಬಂದರೆ ಓಪಿಡಿಯ ನಿಜ ರೋಗಿ, ವೇಷ ಕಟ್ಟಿದ ರೋಗಿ, ವಿಡಿಯೊ ಮೂರೂ ಬೇರೆಬೇರೆ ಕೆಲಸಕ್ಕೆ. ಹೊಟ್ಟೆ ಮುಟ್ಟಿ ನೋಡುವುದು, ಕಾಲಿನ ಹುಣ್ಣು ನೋಡುವುದು ನಿಜ ರೋಗಿಯಿಂದಲೇ ಕಲಿಯಬೇಕು. ಮಾತುಕತೆಗೆ ಮಾತ್ರ ಓಪಿಡಿ ಉಪಯೋಗವಿಲ್ಲ. ಸಂತೆ ದಿನ ಬಾಗಿಲಲ್ಲಿ ಮೂವತ್ತು ಜನ ನಿಂತಿರುವಾಗ ಗಡಿಯಾರ ಇಟ್ಟುಕೊಂಡು ಕಲಿಸಲು ಆಗುವುದಿಲ್ಲ.

ಅಲ್ಲಿ ಗೆದ್ದದ್ದು ಸ್ಟಾಫ್ ನರ್ಸ್‌ಗಳ ಪಾತ್ರ. ಅರ್ಧ ಹಾಳೆಯ ಚೀಟಿ ಸಾಕು. ಬಾಯಿ ತೆರೆದ ಕೂಡಲೇ ಹೇಳುವ ಮಾತು: 'ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕ್ಬಿಡಿ.' ಕೇಳಿದರೆ ಮಾತ್ರ ಹೇಳುವುದು: ತೋಟದ ದಿಬ್ಬ ಹತ್ತುವಾಗ ಬರುತ್ತದೆ, ನಿಂತರೆ ಹೋಗುತ್ತದೆ. ಕೊನೆಯವರೆಗೂ ಬಚ್ಚಿಡುವುದು: ಅಣ್ಣ ಹೋದ ವರ್ಷ ಹಾರ್ಟ್ ಅಟ್ಯಾಕಲ್ಲಿ ಹೋದರು. 8 ನಿಮಿಷಕ್ಕೆ ಗಂಟೆ. ಎಡವಟ್ಟಾಗುವುದು ನರ್ಸ್ ಕರುಣೆಯಿಂದ. ಹುಡುಗ ತಡವರಿಸಿದರೆ ಸಾಕು, 'ದಿಬ್ಬ ಹತ್ತುವಾಗ ಕೇಳಿ ಸರ್' ಎಂದು ಅವರೇ ಸುಳಿವು ಕೊಟ್ಟುಬಿಡುತ್ತಾರೆ. ಬೇರೆ ವಾರ್ಡಿನವರನ್ನು ಕರೆದರೆ ಈ ತೊಂದರೆ ಅರ್ಧ ಕಡಿಮೆ. ಎಂಆರ್‌ಸಿಜಿಪಿಯ ಸಮಾಲೋಚನೆ ಪರೀಕ್ಷೆಯಾದ ಎಸ್‌ಸಿಎಗೆ ಇದೇ ಚೀಟಿ ನಡೆಯುತ್ತದೆ, ಆದರೆ ಅಲ್ಲಿ 12 ನಿಮಿಷದ 12 ಸಮಾಲೋಚನೆ, ಎಲ್ಲವೂ ವಿಡಿಯೊ ಅಥವಾ ಫೋನಿನಲ್ಲಿ.

ರೋಗಿಯೊಡನೆ ಮಾತಾಡುವುದನ್ನು ವಿಡಿಯೊ ಮಾಡಲು ರೋಗಿಯ ಲಿಖಿತ ಒಪ್ಪಿಗೆ ಬೇಕು, ಕ್ಯಾಮೆರಾ ವೈದ್ಯರ ಮುಖಕ್ಕೆ, ನೋಡಿದ ಮೇಲೆ ಡಿಲೀಟ್. ಸೀಲಿಂಗ್ ಫ್ಯಾನ್ ಸದ್ದು ಮಾತನ್ನೆಲ್ಲ ನುಂಗುತ್ತದೆ, ಕಾಲರ್ ಮೈಕ್ ಇಲ್ಲದೆ ಶುರು ಮಾಡಬೇಡಿ. ಪೂರ್ತಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ; ಮೊದಲ ಒಂದು ನಿಮಿಷ, ಕೊನೆಯ ಎರಡು ನಿಮಿಷ ಸಾಕು. ರೋಗಿಯ ಮಾತನ್ನು ಎಷ್ಟನೇ ಸೆಕೆಂಡಿಗೆ ಕತ್ತರಿಸಿದಿರಿ ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಸೇರುವುದು ಎಲ್ಲಿ ಅನ್ನುವುದೂ ಒಂದು ಪ್ರಶ್ನೆ. ಆನ್‌ಲೈನ್ ಸುಲಭ, ಆದರೆ ಜುಲೈ ಮಳೆಯಲ್ಲಿ ಮೂಡಿಗೆರೆ ಕಡೆಯವರ ಕರೆಂಟು, ನೆಟ್‌ವರ್ಕು ಎರಡೂ ಕೈ ಕೊಡುತ್ತವೆ. ಎರಡೂ ಜಿಲ್ಲೆಯವರಿಗೆ ನಡುವೆ ಸಿಗುವ ಬೇಲೂರಿನಲ್ಲಿ ತಿಂಗಳಿಗೊಂದು ಭಾನುವಾರ: ಬೆಳಿಗ್ಗೆ ಪೂರ್ತಿ ಪೇಪರ್, ಊಟದ ಮೇಲೆ ಆರು ಚೀಟಿ. ಪೆನ್ನು ಎರಡು ತನ್ನಿ.