ಹಳೇ ಜಿ.ಐ. ಜೋ ಕೀಲು ಮುರಿದರೆ ಸೂಪರ್ ಗ್ಲೂ, ಅಸಿಟೋನ್, ಅರಾಲ್ಡೈಟ್, ಇಲ್ಲಾ ತಂತಿ?

ತಂತಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮುರಿದ ಕೀಲಿನೊಳಗೆ ಒಂದು ತುಂಡು ತಂತಿ ಕೂರಿಸಿ, ಸುತ್ತ ಚೂರು ಅರಾಲ್ಡೈಟ್ (ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು) ಹಚ್ಚಿದರೆ ಗೊಂಬೆಯ ತೋಳನ್ನು ಮತ್ತೆ ಧೈರ್ಯವಾಗಿ ತಿರುಗಿಸಬಹುದು. ಉಳಿದ ದಾರಿಗಳನ್ನೂ ನೋಡಿಯಾಗಿದೆ. ಷೋಕೇಸಿನಲ್ಲಿ ನಿಲ್ಲಿಸಿ ದೂರದಿಂದ ನೋಡುವವರಿಗೆ ಅವೂ ಸಾಕು. ನನಗೆ ಸಾಲದು. ಗೊಂಬೆ ಕೈಗೆ ಸಿಕ್ಕರೆ ತೋಳು ಎತ್ತದೆ, ಮೊಣಕಾಲು ಮಡಚದೆ ಇರೋಕೆ ನನಗಾಗಲ್ಲ.

ನಾನು ಹೇಳುತ್ತಿರುವುದು ನಮ್ಮ ದೇಶದ ಆಟಿಕೆ ಕಂಪನಿ ಫನ್‌ಸ್ಕೂಲ್‌ನ ಜಿ.ಐ. ಜೋಗಳ ಬಗ್ಗೆ, ಅಂದರೆ ಕೈಕಾಲು ಮಡಚುವ ಪ್ಲಾಸ್ಟಿಕ್ ಸಿಪಾಯಿ ಗೊಂಬೆಗಳ ಬಗ್ಗೆ. ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ 1982ರಲ್ಲಿ ಮೂರೂಮುಕ್ಕಾಲು ಇಂಚಿನ ಈ ಸರಣಿ ಶುರು ಮಾಡಿತು. ಆಮೇಲೆ ಅದೇ ಅಚ್ಚುಗಳಲ್ಲಿ, ಎಷ್ಟೋ ಸಲ ಬೇರೆ ಬಣ್ಣದಲ್ಲಿ, ಫನ್‌ಸ್ಕೂಲ್ ನಮ್ಮಲ್ಲೇ ತಯಾರಿಸಿ ಮಾರಿತು. ಆಗ ಹುಟ್ಟುಹಬ್ಬಕ್ಕೆ ಇದೇ ಬೇಕು ಅಂತ ಹಟ ಹಿಡಿದ ಹುಡುಗರಿಗೆ ಈಗ ಸಂಬಳ ಬರುತ್ತಿದೆ, ತಲೆ ನರೆಯುತ್ತಿದೆ, ರಾತ್ರಿ ಕೂತು ಹಳೇ ಗೊಂಬೆ ಹುಡುಕುತ್ತಿದ್ದಾರೆ. ನಾನೂ ಅದೇ ಗುಂಪು.

ಹಾಗೆ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಫ್ಲಿಂಟ್ ಅನ್ನೋ ಒಂದು ಜೋ ಗೊಂಬೆ ಕೊಂಡೆ. "ಕೀಲೆಲ್ಲ ಟೈಟ್ ಇದೆ" ಅಂತ ಬರೆದಿದ್ದರು. ಸುಳ್ಳೇನಲ್ಲ. ಬಲ ತೋಳು ಎಷ್ಟು ಟೈಟ್ ಅಂದ್ರೆ ಅಲುಗಾಡುತ್ತಲೇ ಇರಲಿಲ್ಲ! ಭುಜದ ಅಂಚಿನಲ್ಲಿ ಪೌಡರ್ ಬಳಿದ ಹಾಗೆ ಬಿಳಿ ಮಬ್ಬು. ಯಾರೋ ಸೂಪರ್ ಗ್ಲೂ ಹಾಕಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ಆ ಗ್ಲೂ ಒಣಗುವಾಗ ಏಳುವ ಆವಿ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಕೂತು ಹೀಗೆ ಬೆಳ್ಳಗಾಗುತ್ತದೆ.

ಈ ಗೊಂಬೆಯ ಭುಜ ಹೇಗಿರುತ್ತದೆ ಅಂತ ಗೊತ್ತಿದ್ದರೆ ತೊಂದರೆ ಏನು ಅಂತ ಅರ್ಥವಾಗುತ್ತದೆ. ತೋಳಿನ ಒಳತುದಿಯಲ್ಲಿ ಒಂದು ಸಣ್ಣ ಕತ್ತು, ಅದರ ತುದಿಗೆ ಒಂದು ಬಿಲ್ಲೆ. ಎದೆ-ಬೆನ್ನಿನ ಎರಡು ಹೋಳುಗಳ ನಡುವೆ ಆ ಬಿಲ್ಲೆ ಸಿಕ್ಕಿಕೊಂಡು ತಿರುಗುತ್ತದೆ. ಬೆನ್ನಿನ ಸ್ಕ್ರೂ ಬಿಚ್ಚಿದರೆ ಎಲ್ಲ ಕಳಚಿ ಬರುತ್ತದೆ. ಮುರಿಯುವುದು ಆ ಕತ್ತು. ಮುರಿದ ಜಾಗಕ್ಕೆ ಸೂಪರ್ ಗ್ಲೂ ಬಿಟ್ಟರೆ ಅದು ಅಲ್ಲೇ ನಿಲ್ಲುವುದಿಲ್ಲ. ನೀರಿಗಿಂತ ಸ್ವಲ್ಪವೇ ದಪ್ಪ ಇರುವ ಗ್ಲೂ, ಕೂದಲೆಳೆ ಸಂದು ಸಿಕ್ಕರೂ ಹೀರಿಕೊಂಡು ಒಳಗೆ ಓಡುತ್ತದೆ. ತಿರುಗಬೇಕಾದ ಬಿಲ್ಲೆಯನ್ನೂ ಎದೆಗೆ ಅಂಟಿಸಿ ಕೂರುತ್ತದೆ. ಮುರಿದಿದ್ದು ಕತ್ತು, ಸತ್ತಿದ್ದು ಇಡೀ ಭುಜ.

ಇದನ್ನು ಬಿಡಿಸುವುದು ಇನ್ನೊಂದು ಗೋಳು. ಸೂಪರ್ ಗ್ಲೂ ಬಿಡಿಸೋಕೆ ಯಾರನ್ನು ಕೇಳಿದರೂ ಅಸಿಟೋನ್ (ನೇಲ್ ಪಾಲಿಶ್ ತೆಗೆಯೋಕೆ ಬಳಸುವ ದ್ರವ) ಅನ್ನುತ್ತಾರೆ. ಬೆರಳಿಗೆ ಅಂಟಿದ್ದರೆ ಸರಿ. ಆದರೆ ಜೋ ಗೊಂಬೆಯ ಮೈ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ಬಿದ್ದರೆ ಗ್ಲೂ ಕರಗುವ ಮುಂಚೆ ಎಬಿಎಸ್ ಕರಗುತ್ತದೆ. ಮೇಲಿನ ಬಣ್ಣವಂತೂ ಒರೆಸಿದ ತಕ್ಷಣ ಹೋಗುತ್ತದೆ. ಕೊನೆಗೆ ಕೆಲಸ ಕೊಟ್ಟಿದ್ದು ಫ್ರೀಜರ್. ಗೊಂಬೆಯನ್ನು ಜಿಪ್ ಕವರಿಗೆ ಹಾಕಿ ಒಂದು ರಾತ್ರಿ ಒಳಗಿಟ್ಟೆ. ಚಳಿಗೆ ಈ ಗ್ಲೂ ಇನ್ನೂ ಪೆಡಸಾಗುತ್ತದೆ. ಬೆಳಿಗ್ಗೆ ಹೊರತೆಗೆದು ಎದೆಯ ಹೋಳುಗಳ ಸಂದಿಗೆ ತೆಳ್ಳನೆ ಬ್ಲೇಡು ತೂರಿಸಿ ಮೆಲ್ಲಗೆ ಮೀಟಿದರೆ ಟಕ್ ಅಂತ ಬಿಟ್ಟುಕೊಂಡಿತು. "ಬಟಾಣಿ ಪಕ್ಕದಲ್ಲಿ ಈ ಸಿಪಾಯಿ ಯಾಕ್ರೀ?" ಅಂತ ಮನೆಯಾಕೆ ಕೇಳಿದ್ದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಇಷ್ಟಾದ ಮೇಲೂ ನ್ಯಾಯವಾಗಿ ಒಂದು ಅವಕಾಶ ಕೊಡೋಣ ಅಂತ, ಬಿಡಿಸಿದ ತೋಳಿಗೆ ನಾನೇ ಸೂಪರ್ ಗ್ಲೂ ಹಚ್ಚಿ ನೋಡಿದೆ. ಗೊಂಬೆ ಬಿಚ್ಚಿಟ್ಟು, ಕಡ್ಡಿ ತುದಿಯಲ್ಲಿ ಒಂದೇ ಹನಿ. ನೇರವಾಗಿ ಎಳೆದರೆ ಜಗ್ಗಲಿಲ್ಲ. ತಿರುಚಿದ ಕೂಡಲೇ ಹೋಯಿತು. ಅಡುಗೆ ಸೋಡಾ ಉದುರಿಸಿ ಗ್ಲೂ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೆ ಪೆಡಸುತನ ಹೋಗುವುದಿಲ್ಲ. ಕೀಲಿಗೆ ಇದು ಬೇಡ.

ಅಸಿಟೋನ್‌ನಿಂದಲೇ ಬೆಸೆಯುವುದು ಎರಡನೇ ದಾರಿ. ಎರಡೂ ಮುಖಕ್ಕೆ ಸವರಿ ಒತ್ತಿದರೆ ಪ್ಲಾಸ್ಟಿಕ್ ಕರಗಿ ಒಂದಾಗುತ್ತದೆ. ಅಗಲವಾದ ಬಿರುಕಿಗೆ, ಉದಾಹರಣೆಗೆ ಬೆನ್ನಿನ ಸೀಳಿಗೆ, ಇದಕ್ಕಿಂತ ಒಳ್ಳೆಯದಿಲ್ಲ. ಸಣ್ಣ ಕತ್ತಿಗೆ ಹಚ್ಚಿದರೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಆಮೇಲೆ ಬಿಲ್ಲೆ ಸರಿಯಾಗಿ ಕೂರಲ್ಲ. ಕಿಟಕಿ ತೆಗೆದಿಟ್ಟು ಮಾಡಿ, ಒಲೆ ಹತ್ತಿರ ಬೇಡವೇ ಬೇಡ.

ಅರಾಲ್ಡೈಟ್ ಒಂದೇ ಆದರೆ? ಸೂಪರ್ ಗ್ಲೂಗಿಂತ ವಾಸಿ. ಹರಿಯುವುದಿಲ್ಲ, ಹಚ್ಚಿದಲ್ಲೇ ಇರುತ್ತದೆ. ಆದರೆ ಅಷ್ಟು ಚಿಕ್ಕ ಮುಖದಲ್ಲಿ ಅದಕ್ಕೆ ಹಿಡಿದುಕೊಳ್ಳೋಕೆ ಜಾಗವೇ ಇಲ್ಲ. ಸ್ವಲ್ಪ ದಿನ ಬಂತು, ಆಮೇಲೆ ಬಿಟ್ಟಿತು.

ಈಗ ತಂತಿ. ಬೇಕಾಗಿದ್ದು ಕೈಯಲ್ಲೇ ತಿರುಗಿಸುವ ಪಿನ್ ವೈಸ್ ಅನ್ನೋ ಪುಟ್ಟ ಡ್ರಿಲ್, ಅದಕ್ಕೆ 1 ಮಿ.ಮೀ. ಡ್ರಿಲ್ ಬಿಟ್, ಒಂದು ಜೆಮ್ ಕ್ಲಿಪ್. ಬಿಟ್ಟಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಬಿಟ್ ಅಂದರೆ ಕೊಡುತ್ತಾರೆ. ಕಾರ್ಬೈಡ್ ಬೇಡ, ಕೈ ಚೂರು ವಾಲಿದರೂ ಮುರಿಯುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕೇಳಿ. ಕರೆಂಟಿನ ಡ್ರಿಲ್ ಮುಟ್ಟಲೇಬೇಡಿ, ಬಿಸಿಗೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಸುತ್ತಿಕೊಳ್ಳುತ್ತದೆ.

ಕಷ್ಟ ಇರುವುದು ಎರಡು ತೂತು ಎದುರುಬದುರು ಬರಿಸುವುದರಲ್ಲಿ. ಮೊದಲು ತೋಳಿನ ಕಡೆ ಕೊರೆಯಿರಿ. ತೂತಿಗೆ ತಂತಿಯ ತುಂಡು ತೂರಿಸಿ, ತುದಿ ಒಂದಿಷ್ಟೇ ಹೊರಗಿರಲಿ. ಆ ತುದಿಗೆ ಬಣ್ಣ ಮುಟ್ಟಿಸಿ, ಬಿಲ್ಲೆಯ ತುಂಡಿಗೆ ಒತ್ತಿ. ಚುಕ್ಕಿ ಬಿದ್ದಲ್ಲಿ ಸೂಜಿಯಿಂದ ಗುಳಿ ಮಾಡಿಕೊಂಡು ಕೊರೆದರೆ ಬಿಟ್ ಜಾರುವುದಿಲ್ಲ. ತಂತಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಅರಾಲ್ಡೈಟ್ ಹಚ್ಚಿ ಜೋಡಿಸಿ. 24 ಗಂಟೆ ಆ ಕಡೆ ತಲೆ ಹಾಕಬೇಡಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟ.

ನನ್ನ ಫ್ಲಿಂಟ್ ಈಗ ದಿನಾ ನನ್ನ ಕೈಗೆ ಸಿಕ್ಕಿ ತೋಳು ತಿರುವಿಸಿಕೊಳ್ಳುತ್ತಿದ್ದಾನೆ. ಭುಜದ ಕತ್ತು ಕದಲಿಲ್ಲ.

ಸೊಂಟ ಸಡಿಲವಾಗಿ ಕಾಲು ಕಳಚಿ ಬಂದರೆ ಅದು ಮುರಿದಿದ್ದಲ್ಲ, ಒಳಗಿನ ರಬ್ಬರ್ ಓ-ರಿಂಗ್ ಹರಿದಿದೆ ಅಷ್ಟೇ. ಅದಕ್ಕೂ ಗ್ಲೂ ಸುರಿಯುವವರಿದ್ದಾರೆ, ಪಾಪ. ಹಳೇ ರಿಂಗನ್ನು ಸ್ಯಾಂಪಲ್‌ಗೆ ಹಿಡಿದು ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಚಿಲ್ಲರೆ ಕಾಸಿಗೆ ಮುಗಿಯುತ್ತದೆ.

ದುಡ್ಡಿನ ಲೆಕ್ಕ ಹಾಕಿದರೆ ಸೂಪರ್ ಗ್ಲೂ ಎಲ್ಲಕ್ಕಿಂತ ಅಗ್ಗ. ತಂತಿಗೆ ಪಿನ್ ವೈಸ್ ಖರ್ಚು ಒಂದು ಸಲ ಬೀಳುತ್ತದೆ. ನನ್ನಂತೆ ಮುರಿದದ್ದನ್ನೇ ಕಡಿಮೆ ಬೆಲೆಗೆ ಕೊಳ್ಳುವ ಚಟವಿದ್ದರೆ ಅದು ಬೇಗ ವಸೂಲಾಗುತ್ತದೆ. ಒಂದೇ ಗೊಂಬೆ ಇದ್ದರೆ, ಇನ್ನೊಂದು ಹಾಳಾದ ಗೊಂಬೆ ತಂದು ಅದರ ತೋಳು ಹಾಕಿಕೊಳ್ಳುವುದೇ ಸುಲಭ. ಸ್ಕ್ರೂ ಬಿಚ್ಚಿ ಬದಲಿಸಿದರೆ ಆಯಿತು. ಆದರೆ ಫನ್‌ಸ್ಕೂಲ್ ಗೊಂಬೆಗೆ ಹ್ಯಾಸ್‌ಬ್ರೋ ತೋಳು ಹಾಕುವ ಮುಂಚೆ ಬಣ್ಣ ಪಕ್ಕದಲ್ಲಿಟ್ಟು ನೋಡಿ. ಅಳತೆ ಕೂತರೂ ಅಂಗಿಯ ಒಂದು ತೋಳು ಒಂದು ಬಣ್ಣ, ಇನ್ನೊಂದು ಇನ್ನೊಂದು ಬಣ್ಣ ಆಗಿಬಿಡಬಹುದು.